ಗುಡಾಣಕ್ಕೆ ಹಾಕಿದ ಬೆಲ್ಲ

ಬಾವಿಗಳೆಲ್ಲ ವಿಷವಾದ ಮೇಲೆ ಎಲ್ಲರ ಮನೆಯಂತೆ ಹೊಲದ ನಡುವಿನ ಆ ಒಂಟಿ ಮನೆಯಲ್ಲೂ ಒಂದು ಜೀವದ ಗುಡಾಣವಿತ್ತು. ಸುರಿದ ನೀರಿನ ವಿಷವನ್ನು ಅದರೊಳಗಿನ ಕಣ್ಣಿಗೆ ಕಾಣದ ಜೀವಗಳು ತಿಂದುಹಾಕುತ್ತಿದ್ದವು. ಉಳಿದದ್ದು ಕುಡಿಯುವ ನೀರು. ಸಂಕ್ರಾಂತಿಯ ಬೆಳಿಗ್ಗೆ ದನಗಳಿಗೆ ಬೆಲ್ಲ ತಿನ್ನಿಸಿದ ಹೊಸ ಸೊಸೆ ದೇವೀರಮ್ಮ, ಪಾಪ ಇವೂ ದುಡಿಯುತ್ತವಲ್ಲ ಎಂದು ಗುಡಾಣಕ್ಕೂ ಎರಡು ಅಚ್ಚು ಹಾಕಿದಳು. ನೊರೆ ಉಕ್ಕಿತು.

"ನೋಡತ್ತೆಮ್ಮ, ಎಂಗ್ ಕುಣೀತಾವೆ!"

ಅತ್ತೆ ನಿಂಗಾಜಮ್ಮನ ಮುಖ ಕಪ್ಪಿಟ್ಟಿತು. "ಅಯ್ಯೋ, ನಿನ್ ಕೈ ಸೇದೋಗ! ಬೆಲ್ಲ ಸಿಕ್ಕದ್ಮೇಲೆ ಇಸ ಯಾಕ್ ಮುಟ್ತಾವೆ? ಹಬ್ಬದೂಟ ಬುಟ್ಟು ಗೇಯಕ್ಕೆ ಹೋದೋರುಂಟಾ?"

ಒಳಗೆ ಜ್ವರದಲ್ಲಿ ಮಲಗಿದ್ದ ದೇವೀರಮ್ಮನ ಗಂಡ ಚಿಕ್ಕಬೋರ ನೀರು ನೀರು ಎನ್ನುತ್ತಿದ್ದ. ಮನೆಯಲ್ಲಿ ಬೇರೆ ನೀರಿರಲಿಲ್ಲ.

ಸಂಜೆಗೆ ನೊರೆ ಇಳಿಯಿತು. ದೇವೀರಮ್ಮ ಲೋಟ ಎತ್ತಿಕೊಂಡಳು. ಅತ್ತೆ ತಡೆದಳು. "ಬೆಲ್ಲ ಮುಗುದದೆ, ಅಷ್ಟೇಯ. ಹಸಿದು ಇಸಕ್ಕೆ ಬಾಯಾಕಕ್ಕೆ ಇನ್ನೂ ಹೊತ್ತು ಬೇಕು."

ಇಬ್ಬರೂ ಕಾದರು. ಒಳಗಿನ ದನಿ ಕ್ಷೀಣವಾಗಿ, ಆಮೇಲೆ ನಿಂತೇಹೋಯಿತು; ಏದುಸಿರು ಮಾತ್ರ ಕೇಳುತ್ತಿತ್ತು. ನಿಂಗಾಜಮ್ಮ ಇನ್ನು ತಾಳಲಾರದೆ ಲೋಟ ಅದ್ದಿ, ಮೊದಲು ತಾನೇ ಕುಡಿದು ನೋಡಲು ಬಾಯಿಗೆತ್ತಿದಳು. ಸೊಸೆ ಅದನ್ನು ಕಿತ್ತುಕೊಂಡು ಗಟಗಟ ಕುಡಿದುಬಿಟ್ಟಳು.

"ಬೆಲ್ಲ ಆಕ್ದೋಳು ನಾನು."

ವಿಷವಿದ್ದರೆ ಉಗುರು ನೀಲಿಗಟ್ಟುತ್ತದೆ. ಅತ್ತೆ ಅವಳ ಕೈಯನ್ನು ದೀಪದ ಹತ್ತಿರ ಹಿಡಿದು ಕೂತಳು. ಎಷ್ಟು ಹೊತ್ತಾದರೂ ಉಗುರು ಕೆಂಪಗೇ ಇತ್ತು.

"ಏಳವ್ವ," ಎಂದು ನಿಂಗಾಜಮ್ಮ ಲೋಟ ತುಂಬಿ ಕೊಟ್ಟಳು. "ನಿನ್ ಗಂಡಂಗೆ ನೀನೇ ಕುಡ್ಸು."