ಮೂರು ಮೈಕುಗಳು ಕೂಗಿದ ಮಧ್ಯಾಹ್ನ

ಮಸೀದಿ, ದೇವಸ್ಥಾನ, ಚರ್ಚು ಮೂರರ ಕಮಿಟಿಗಳೂ ಸೇರಿ, ಆನೆ ಬಂದಾಗಲೆಲ್ಲ ಮೈಕಿನಲ್ಲಿ ಕೂಗುವ ಏರ್ಪಾಡು ಮಾಡಿದ್ದರಿಂದಲೇ ಸಿದ್ದಾಪುರದ ಬಳಿಯ ನಮ್ಮ ಎಸ್ಟೇಟಿನ ಕೂಲಿಕಾರರ ಲೈನುಮನೆಗಳವರು ಬದುಕಿದರು ಎನ್ನುತ್ತಾರೆ. ಒಪ್ಪೋಣ. ಆದರೆ ಆಗ ಹೊರಗೇ ಉಳಿದವರನ್ನು ಯಾರಾದರೂ ಕೇಳಿದ್ದಾರೆಯೇ? ಒಣಮೀನು ಹುರಿಯುವ ವಾಸನೆ ಬಂದರೆ ನನಗೆ ಈಗಲೂ ಉಸಿರು ಕಟ್ಟುತ್ತದೆ.

ಅಂದು ಅಮ್ಮ ಕಾಫಿ ಕೊಯ್ಯಲು ಹೋಗಿದ್ದಳು. ನಾನು ಪಕ್ಕದ ಮನೆಯ ಮಲಯಾಳಿ ಅಕ್ಕ, ಮೇರಿ ಚೇಚಿಯ ಅಡುಗೆಮನೆಯಲ್ಲಿದ್ದೆ; ಅವರು ಒಣಮೀನು ಹುರಿಯುತ್ತಿದ್ದರು. ಮೊದಲು ಮಸೀದಿಯ ಮೈಕು, ಅದರ ಬೆನ್ನಿಗೇ ಉಳಿದೆರಡೂ ಕೂಗಿದವು: "ಆನೆ ಲೈನಿಗೆ ಬಂದಿದೆ, ಯಾರೂ ಬಾಗಿಲು ತೆಗೀಬೇಡಿ."

ಚೇಚಿ ಚಿಲಕ ಹಾಕಿ ನನ್ನನ್ನು ಮಂಚದಡಿಗೆ ಎಳೆದುಕೊಂಡರು.

"ಅಮ್ಮ ಹೊರಗಿದ್ದಾಳೆ, ಚೇಚಿ."

"ಸುಮ್ನಿರು ಮೋಳೇ, ನನ್ ಮಗಳಲ್ವಾ, ಕಮಿಟಿಯವ್ರು ಜೀಪಲ್ಲಿ ಕರ್ಕೊಂಡ್ ಬರ್ತಾರೆ."

ಅಷ್ಟರಲ್ಲಿ ಬಾಗಿಲು ಮೂರು ಸಲ ದಡದಡ ಸದ್ದು ಮಾಡಿತು. ತುಸು ಬಿಟ್ಟು ಮತ್ತೆ ಮೂರು ಸಲ. ನಾನು ಎದ್ದೆ. ಒಣಮೀನಿನ ಪುಡಿ ಮೆತ್ತಿದ್ದ ಅಂಗೈ ನನ್ನ ಬಾಯಿ ಮುಚ್ಚಿತು.

"ಆನೇನೇ ತಳ್ತಿರೋದು," ಎಂದು ಚೇಚಿ ಪಿಸುಗುಟ್ಟಿದರು.

ಸಂಜೆ ಕಮಿಟಿಯ ಜೀಪಿನಿಂದ ಅಮ್ಮ ಬರಿಗಾಲಲ್ಲಿ ಇಳಿದಳು. "ಎಷ್ಟು ಬಡಿದ್ರೂ ಒಬ್ರೂ ತೆಗೀಲಿಲ್ಲ," ಎಂದಳು. ಚೇಚಿ ಅವಳಿಗೆ ಚಹಾ ಕೊಟ್ಟರು.

ಮೇರಿ ಚೇಚಿ, ಆನೆ ಮೂರು ಸಲ ಬಡಿದು ಬಾಗಿಲು ತೆಗೆಯಲಿ ಎಂದು ಕಾಯುತ್ತದೆಯೇ?