ಹದಿನಾಲ್ಕು ಅಕ್ಷರದ ಊರು

ಅಂದು ಊರ ಹೆಸರು ಪಡೆಯಲಿದ್ದ ಡೀಸೆಲ್ ರೈಲು ಎಂಜಿನ್ನಿನ ಪಕ್ಕೆಗೆ ಇಳಿಬಿಟ್ಟಿದ್ದ ಕೆಂಪು ಪರದೆಯ ಮೂಲೆಯನ್ನು ಪಂಚಾಯಿತಿ ಗುಮಾಸ್ತೆ ಬೆರಿಲ್ ಮೇಸ್ ಒಂದಿಷ್ಟೇ ಎತ್ತಿ ನೋಡಿದಳು. ಎರಕದ ಹೊಸ ಫಲಕದಲ್ಲಿ ‘ಥರ್ಗಮ್’ ಎಂದಿತ್ತು.

ಊರನ್ನು ಎಲ್ಲರೂ ಕರೆಯುವುದು ಹಾಗೆಯೇ, ನಿಜ. ಆದರೆ ಬರೆಯುವುದು ‘ಥರ್ಗೋಲ್ಡಿಂಗ್‌ಹ್ಯಾಮ್’ ಎಂದು, ಇಂಗ್ಲಿಷಿನ ಹದಿನಾಲ್ಕು ಅಕ್ಷರ ಸುರಿದು. ಬರೆದದ್ದನ್ನು ಬರೆದಂತೆ ಓದಿದವನು ಪರವೂರಿನವನೆಂದು ಅಲ್ಲಿನ ಮಕ್ಕಳಿಗೂ ಗೊತ್ತು. ಅಂಥವನಿಗೆ ಸಿಗುವ ಚಹಾ ಕೂಡ ಉಗುರುಬೆಚ್ಚಗಿರುತ್ತದೆ.

“ಸಿಡ್, ಇಲ್ಲಿ ನೋಡು. ಫಲಕ ಮಾಡೋರಿಗೆ ಫೋನಲ್ಲಿ ಹೆಸರು ಹೇಳಿದ್ದು ನಾನೇ. ಒಲೆ ಮೇಲೆ ಜಾಮ್ ಕುದೀತಿತ್ತು, ಅಕ್ಷರ ಬಿಡಿಸಿ ಹೇಳಲಿಲ್ಲ.”

ಊರಿನ ಬೀಟ್‌ಗೆಡ್ಡೆಯನ್ನೆಲ್ಲ ಇದೇ ಎಂಜಿನ್ನಿನಲ್ಲಿ ಮೂವತ್ತು ವರ್ಷ ಸಾಗಿಸಿ ನಿವೃತ್ತನಾಗಿದ್ದ ಸಿಡ್ ಗ್ಯಾರಡ್ ಬಗ್ಗಿ ನೋಡಿದ. “ಹೆಸರು ಗಿಡ್ಡ ಆಯ್ತು ಅಂತ ಎಂಜಿನ್ ಮುನಿಸ್ಕೊಳ್ಳಲ್ಲ ಬಿಡು.”

“ಎಂಜಿನ್ ಅಲ್ಲ ಕಣೋ, ಕ್ರಿಸ್ಪ್ ಮೇಷ್ಟ್ರು. ಮೂರು ವರ್ಷ ರೈಲ್ವೆಗೆ ಕಾಗದ ಬರೆದೂ ಬರೆದೂ ಊರ ಹೆಸರು ಇಡಿಸ್ತಿದಾರೆ. ಅವರಿಗೆ ಹೇಗೆ ಮುಖ ತೋರಿಸ್ಲಿ?”

“ಅದೂ ಸರಿ. ನನ್ನ ಮದುವೆ ಕರೆಯೋಲೇಲೇ ಕಾಗುಣಿತ ತಿದ್ದಿ ವಾಪಸ್ ಕಳಿಸಿದ ಪುಣ್ಯಾತ್ಮ ಅವರು. ಸ್ಪ್ಯಾನರ್ ತರ್ಲಾ? ಬಿಚ್ಚಿಬಿಡೋಣ.”

ಅಷ್ಟರಲ್ಲಿ ವಾದ್ಯದವರು ಊದಿಯೇಬಿಟ್ಟರು. ಲಂಡನ್ನಿನಿಂದ ಬಂದಿದ್ದ ರೈಲ್ವೆ ಅಧಿಕಾರಿ ಮೈಕಿನ ಮುಂದೆ ನಿಂತು, ಕೈಯಲ್ಲಿದ್ದ ಚೀಟಿಯ ಉದ್ದ ಹೆಸರನ್ನು ನೋಡಿ ಎರಡು ಸಲ ಗಂಟಲು ಸರಿಮಾಡಿಕೊಂಡರು. ಹಗ್ಗ ಎಳೆದರು, ಪರದೆ ಸರಿಯಿತು. ಫಲಕ ಕಂಡದ್ದೇ ಚೀಟಿ ಮಡಚಿ ಜೇಬಿಗಿಟ್ಟು, ನಿರಾಳವಾಗಿ ಓದಿದರು: “ಥರ್ಗಮ್.”

ಜನ ಬಾಯಿ ಬಿಟ್ಟುಕೊಂಡು ನಿಂತರು. ಹಿಂದೆ ಬಂದಿದ್ದ ಬಿಷಪ್ಪರೇ ಎಡವಿದ ಹೆಸರದು. ಹೊರಗಿನವರ ನಾಲಿಗೆಯಲ್ಲಿ ಅದು ಸಲೀಸಾಗಿ ಹೊರಳಿದ್ದು ಇದೇ ಮೊದಲು. ಆಮೇಲೆ ಬಿದ್ದ ಚಪ್ಪಾಳೆಗೆ ಇಗರ್ಜಿ ಗೋಪುರದ ಕಾಗೆಗಳೆಲ್ಲ ಎದ್ದು ಹಾರಿದವು.

ಬೆರಿಲ್ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಗುಂಪು ಸೀಳಿಕೊಂಡು ನೇರ ಕ್ರಿಸ್ಪ್ ಮೇಷ್ಟ್ರ ಎದುರು ಹೋಗಿ ನಿಂತಳು. “ತಪ್ಪು ನಂದು ಮೇಷ್ಟ್ರೇ. ಫೋನಲ್ಲಿ ಬಾಯಿಗೆ ಬಂದ ಹಾಗೆ ಹೇಳಿಬಿಟ್ಟೆ.”

ಮೇಷ್ಟ್ರು ಫಲಕದಿಂದ ಕಣ್ಣು ಕೀಳಲಿಲ್ಲ. “ನಲವತ್ತು ವರ್ಷ ಈ ಊರಿನ ಮಕ್ಕಳಿಗೆ ಇದನ್ನ ಹದಿನಾಲ್ಕು ಅಕ್ಷರದಲ್ಲಿ ತಪ್ಪಾಗಿ ಬರೆಯೋದು ಕಲಿಸಿದೆ,” ಎಂದರು. “ಆ ಫಲಕ ಮಾಡೋರು ರಸ್ತೆ ಬೋರ್ಡೂ ಮಾಡ್ತಾರಾ, ಕೇಳು.”