ಕೋಣೆಯಲ್ಲಿ ಇನ್ನೊಬ್ಬರು

“ಕೋಣ್ಯಾಗ ಇನ್ನೂ ಯಾರೋ ಅದಾರ ಅಂತೈತ್ರಿ ಅಮ್ಮಾ,” ಎಂದಳು ನೇತ್ರಾ. ಲ್ಯಾಪ್‌ಟಾಪಿನ ಪರದೆಯ ಮೇಲೆ ಕೆಂಪು ಅಕ್ಷರಗಳು ಹತ್ತಿಕೊಂಡಿದ್ದವು. ಪರೀಕ್ಷೆಗೆ ಅರ್ಧ ಗಂಟೆಯಷ್ಟೇ ಉಳಿದಿತ್ತು.

ಹೊಸ್ತಿಲಾಚೆ ನಿಂತಿದ್ದ ವೆಂಕೂಬಾಯಿ ತಮ್ಮ ದೇವರ ಕೋಣೆಯೊಳಗೆ ಇಣುಕಿದರು. “ಯಾರಿದ್ದಾರ? ನೀ ಒಬ್ಬಾಕೀನೇ ಇದ್ದೀಯಲ್ಲ.”

ವೆಂಕೂಬಾಯಿಯವರ ಮಹಡಿಯ ಮೇಲಿನ ತಗಡಿನ ಕೋಣೆಗೆ ಬಾಡಿಗೆಗೆ ಬಂದವಳು ನೇತ್ರಾ, ಕುರುಗೋಡಿನ ಹುಡುಗಿ. ಕಂಪನಿಯೊಂದರಲ್ಲಿ ದೂರು ಹೇಳುವವರ ಫೋನು ಎತ್ತುವ ಕೆಲಸ. ಅಪ್ಲಿಕೇಶನ್ ಪರ್ಫಾರ್ಮೆನ್ಸ್ ಮಾನಿಟರಿಂಗ್ ಎಂಬ ಈ ಪರೀಕ್ಷೆ ಪಾಸಾದರೆ, ದೂರು ಹುಟ್ಟುವ ಮೊದಲೇ ತೊಂದರೆಯನ್ನು ಹಿಡಿಯುವ ತಂಡಕ್ಕೆ ಹೋಗಬಹುದು. ಹಿಂದಿನ ಸಲ ಊರಲ್ಲಿ ಬರೆಯುವಾಗ ತಾಯಿ ಉಚ್ಚೆಂಗೆಮ್ಮ ಬಳೆಯ ಸದ್ದೂ ಆಗದಂತೆ ಬಂದು ಮಗಳ ಪಕ್ಕ ಮಜ್ಜಿಗೆಯ ಲೋಟ ಇಟ್ಟು ಹೋಗಿದ್ದಳು. ಕೋಣೆಯಲ್ಲಿ ಬೇರೆ ಯಾರೂ ಇರಬಾರದೆಂದು ಕಾಯುವ ಲ್ಯಾಪ್‌ಟಾಪಿನ ಕ್ಯಾಮೆರಾ ಆ ಕೈಯನ್ನು ಕಂಡಿತು. ಪರೀಕ್ಷೆ ಅಲ್ಲಿಗೇ ರದ್ದಾಯಿತು. ಯಾಕೆ ರದ್ದಾಯಿತೆಂದು ತಾಯಿಗೆ ನೇತ್ರಾ ಇಂದಿಗೂ ಹೇಳಿಲ್ಲ. ಈಗಿನದು ಕಂಪನಿ ಕೊಟ್ಟ ಕೊನೆಯ ಅವಕಾಶ.

ಬೇಸಿಗೆಯಿಡೀ ಅವಳು ಓದಿದ್ದನ್ನು ಮೆಟ್ಟಿಲ ಮೇಲೆ ಕೂತು ವೆಂಕೂಬಾಯಿಗೆ ಒಪ್ಪಿಸಿದ್ದಳು. ಯಾರಿಗಾದರೂ ಹೇಳಿದರೇ ಅವಳ ತಲೆಯಲ್ಲಿ ನಿಲ್ಲುತ್ತಿದ್ದುದು. ಸಿರುಗುಪ್ಪದಲ್ಲಿ ಯಾರೋ ಗ್ಯಾಸ್ ಸಿಲಿಂಡರಿಗೆಂದು ಮೊಬೈಲಿನ ಮೇಲೆ ಬೆರಳೊತ್ತಿದರೆ, ಆ ಒಂದು ಒತ್ತು ಎಲ್ಲೆಲ್ಲಿಯದೋ ಕಂಪ್ಯೂಟರುಗಳ ಬಾಗಿಲು ತಟ್ಟಿ ಹಿಂತಿರುಗುತ್ತದಂತೆ. ಹೋದಲ್ಲೆಲ್ಲ ಹೆಜ್ಜೆಯ ಗುರುತು ಬಿಡುತ್ತದಂತೆ. ಯಾವ ಬಾಗಿಲಲ್ಲಿ ತಡವಾಯಿತೆಂದು ಇವರು ಕೂತಲ್ಲೇ ಕಾಣುತ್ತಾರಂತೆ.

“ಅಂದ್ರ ರಾರಾವಿಯೊಳಗ ಒಬ್ಬಾಂವ ಕಾಯ್ಲಿಕತ್ತಾನ ಅಂದ್ರ ಇಲ್ಲಿ ನಿನಗ ಗೊತ್ತಾಗ್ತದ?” ಎಂದು ವೆಂಕೂಬಾಯಿ ಬಿಡಿಸುತ್ತಿದ್ದ ಹುಣಸೆಹಣ್ಣನ್ನು ಕೈಯಲ್ಲೇ ಹಿಡಿದು ಕೇಳಿದ್ದರು.

“ಗೊತ್ತಾಗ್ತೈತ್ರಿ. ಅವನು ಬೈಯೋದ್ರಾಗ ಸರಿ ಮಾಡಬೇಕು.”

ಕಾಣದ ಊರಿನ ಯಾರೋ ಕಾಯುತ್ತಿದ್ದಾನೆಂದು ನೋಡುತ್ತ ಕೂರುವುದೂ ಒಂದು ಉದ್ಯೋಗವಾಗಿದೆಯಲ್ಲ ಎಂದು ಆ ದಿನವೆಲ್ಲ ಅವರಿಗೆ ಅದೇ ಗುಂಗು.

ಇಂದು ಬೆಳಿಗ್ಗೆ ಪಕ್ಕದ ಮನೆಯಲ್ಲಿ ಕಲ್ಲು ಕೊಯ್ಯುವ ಯಂತ್ರ ಶುರುವಾದಾಗ ತಗಡಿನ ಕೋಣೆ ಡಬ್ಬಿಯಂತೆ ಅದುರಿತು. ನೇತ್ರಾ ಲ್ಯಾಪ್‌ಟಾಪ್ ಎದೆಗವಚಿಕೊಂಡು ಕೆಳಗಿಳಿದು ಬಂದಳು. ವೆಂಕೂಬಾಯಿ ಅವಳನ್ನು ನೇರ ಒಳಗಿನ ಕೋಣೆಗೆ ಕರೆದೊಯ್ದರು. ಇಷ್ಟು ದಿನ ಪಡಸಾಲೆಯಿಂದ ಮುಂದೆ ಕಾಲಿಡದ ಹುಡುಗಿ ಹೊಸ್ತಿಲಲ್ಲಿ ನಿಂತುಬಿಟ್ಟಳು.

“ಇದು ದೇವರ ಕೋಣಿ ಅಲ್ಲೇನ್ರಿ ಅಮ್ಮಾ?”

“ಗ್ವಾಡಿ ದಪ್ಪ ಅದಾವ, ಸದ್ದು ಬರೂದಿಲ್ಲ. ನಡಿ ಒಳಗ,” ಎಂದಿದ್ದರು ವೆಂಕೂಬಾಯಿ.

ಈಗ ನೇತ್ರಾ ಕ್ಯಾಮೆರಾವನ್ನು ಮೆಲ್ಲಗೆ ಸುತ್ತ ತಿರುಗಿಸಿದಳು. ಪರದೆಯ ಮೇಲೆ ವೆಂಕಟರಮಣನ ಮುಖದ ಸುತ್ತ ಒಂದು ಚೌಕ ಮೂಡಿತು. ಆಮೇಲೆ ಲಕ್ಷ್ಮಿಯ ಸುತ್ತ. ಆಮೇಲೆ ಮಂತ್ರಾಲಯದ ರಾಯರ ಸುತ್ತ.

“ಫೋಟೋದಾಗಿನ ಮುಖಾನೂ ಮನುಷ್ಯಾರು ಅಂತ ಹಿಡೀತೈತ್ರಿ ಇದು,” ಎಂದಳು. “ಇವರೆಲ್ಲ ಇದ್ರ ಪರೀಕ್ಷಿ ಚಾಲೂ ಆಗಂಗಿಲ್ಲ.”

ವೆಂಕೂಬಾಯಿ ಪರದೆಯನ್ನೇ ನೋಡಿದರು. ಮದುವೆಯಾಗಿ ಬಂದಾಗಿನಿಂದ ಈ ಕೋಣೆಯಲ್ಲಿ ಕಣ್ಣು ಮುಚ್ಚಿ ಕೂತು, ಇದ್ದೀಯೇನಪ್ಪ ಎಂದು ಕೇಳಿದ್ದವರು ಅವರು. ಈ ಯಂತ್ರ ಬಂದ ಗಳಿಗೆಯಲ್ಲೇ ಇದ್ದಾರೆ ಎಂದುಬಿಟ್ಟಿತಲ್ಲ.

ಸೆರಗು ಸಿಕ್ಕಿಸಿ, ಒಂದೊಂದೇ ಪಟವನ್ನು ಇಳಿಸಿ ಪಡಸಾಲೆಯ ಬೆಂಚಿನ ಮೇಲೆ ಸಾಲಾಗಿ ಕೂರಿಸತೊಡಗಿದರು. “ಹನುಮಪ್ಪಗ ಚೌಕ ಬಿದ್ದಿಲ್ರಿ. ಅವನು ಇದ್ರೂ ನಡೀತೈತಿ,” ಎಂದಳು ನೇತ್ರಾ.

“ಅವನೊಬ್ಬನ್ನೇ ಒಳಗ ಬಿಟ್ರ ರಾಮದೇವರನ್ನ ಹುಡುಕ್ಕೋತ ಹೊಂಟಾನು,” ಎಂದು ಅವನನ್ನೂ ಎತ್ತಿಕೊಂಡರು.

ಗೋಡೆಗಳು ಬರಿದಾದವು. ಕೆಂಪು ಅಕ್ಷರಗಳು ಹೋಗಲಿಲ್ಲ.

“ಇನ್ನೂ ಒಬ್ಬರು ಅದಾರಂತ್ರಿ.” ನೇತ್ರಾಳ ಕಣ್ಣು ತುಂಬಿತ್ತು. “ಹೋತ್ರಿ ಅಮ್ಮಾ, ಈ ಸಲಾನೂ ಹೋತು.”

ವೆಂಕೂಬಾಯಿ ಒಳಗೆ ಬಂದು ಸುತ್ತ ಕಣ್ಣಾಡಿಸಿದರು. ಬಾಗಿಲ ಹಿಂದಿನ ಮೂಲೆಯಲ್ಲಿ, ದೇವರ ಸಾಲಿಗೆ ಸೇರಿಸಬಾರದೆಂದು ತಾವೇ ಬೇರೆಯಾಗಿ ತೂಗುಹಾಕಿದ್ದ ಗಂಡನ ಪಟವಿತ್ತು. ಗೋಪಾಲಕೃಷ್ಣರಾಯರು ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಇದ್ದಾಗಲೂ ಸದ್ದು ಮಾಡದ ಮನುಷ್ಯ.

ಅವರು ಪಟವನ್ನು ಇಳಿಸಿ ಸೆರಗಿನಿಂದ ಗಾಜು ಒರೆಸಿದರು. “ಬರ್ರಿ,” ಎಂದರು ಮೆಲ್ಲಗೆ, “ಹುಡುಗಿ ಪರೀಕ್ಷಾ ಬರೀತಾಳ, ನಾವು ಹೊರಗ ಕೂಡೋಣು.”

ಪರದೆ ಹಸಿರಾಯಿತು. ಬಾಗಿಲು ಮುಚ್ಚಿಕೊಂಡಿತು.

ಯಂತ್ರಕ್ಕೆ ನೀರು ಕೇಳಲು ಬಂದ ಕಲ್ಲು ಕೊಯ್ಯುವ ಹೊನ್ನೂರಸ್ವಾಮಿ ಬೆಂಚಿನ ತುಂಬ ಕೂತ ದೇವರುಗಳನ್ನೂ, ನಡುವೆ ತೊಡೆಯ ಮೇಲೆ ಪಟವಿಟ್ಟುಕೊಂಡ ಮುದುಕಿಯನ್ನೂ ನೋಡಿದ. ಅವರು ತುಟಿಯ ಮೇಲೆ ಬೆರಳಿಟ್ಟರು. ಅವನು ಹಿಂತಿರುಗಿ ಹೋಗಿ ಯಂತ್ರ ಆರಿಸಿ ಬೀಡಿ ಹಚ್ಚಿಕೊಂಡ. ನೈವೇದ್ಯದ ಹೊತ್ತು ಬಂದು ಮೀರಿತು.

ಬಾಗಿಲು ತೆರೆದಾಗ ನೇತ್ರಾ ಚೌಕಟ್ಟು ಹಿಡಿದು ನಿಂತಿದ್ದಳು. “ಪಾಸಾದೆರಿ,” ಎಂದಳು, ನಂಬಿಕೆ ಬಾರದವಳಂತೆ.

“ಅವ್ವಗ ಫೋನ್ ಹಚ್ಚು ಮೊದಲ.”

ಊರಿಗೆ ಫೋನು ಮಾಡಿ, ಅತ್ತು, ಮುಖ ತೊಳೆದು ಬಂದ ನೇತ್ರಾ ಪಟಗಳತ್ತ ಕೈ ಚಾಚಿದಳು. ಕೈ ನಡುವೆಯೇ ನಿಂತಿತು. ವೆಂಕೂಬಾಯಿ ವೆಂಕಟರಮಣನನ್ನು ಎತ್ತಿ ಆ ಕೈಗೇ ಕೊಟ್ಟರು. “ತಗದಾಕಿ ನಾ. ಇಡಾಕಿ ನೀ.”

ಎಲ್ಲರೂ ತಮ್ಮ ತಮ್ಮ ಮೊಳೆಗೆ ಮರಳಿದ ಮೇಲೆ ಬಾಗಿಲ ಹಿಂದೆ ಗೋಪಾಲಕೃಷ್ಣರಾಯರನ್ನೂ ತೂಗುಹಾಕಿ, ನೇತ್ರಾ ಲ್ಯಾಪ್‌ಟಾಪ್ ಎತ್ತಿಕೊಂಡಳು. ವೆಂಕೂಬಾಯಿ ಅವಳ ತೋಳು ಹಿಡಿದರು. ನಾಚಿದಂತಿತ್ತು ಮುಖ.

“ಆ ಮಷೀನು ಇನ್ನೊಮ್ಮೆ ಹಚ್ಚತೀಯೇನವಾ?”

“ಯಾಕ್ರಿ ಅಮ್ಮಾ? ಮುಗೀತಲ್ರಿ.”

“ಈ ಮೂಲ್ಯಾಗ ಒಬ್ಬರಿದ್ದಾರ ಅಂದಿತ್ತಲ್ಲ,” ಎಂದರು ವೆಂಕೂಬಾಯಿ. “ಇನ್ನೊಂದು ಸಲ ಅನ್ನಲಿ.”